ಜೂಮಾ, ಮೀಟಾ, ವಾಟ್ಸಾಪೇ ಸಾಕಾ?

ನಮ್ಮಕ್ಕ ಮೈಸೂರಿನ ಮನೆಯಲ್ಲಿ ಕೂತು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಅರ್ಧ ಮಕ್ಕಳು ನಮ್ಮ ಬೀದಿಯವರು, ಇನ್ನರ್ಧ ಅಮೆರಿಕದವರು. ಬೇಸಿಗೆಯಲ್ಲಿ ಬೆಳಗಿನ ಐದೂವರೆಗೆ ಅವಳು ಶ್ರುತಿಪೆಟ್ಟಿಗೆ ಮುಂದೆ ಕೂತರೆ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆ, ಮಕ್ಕಳು ಊಟ ಮುಗಿಸಿ ಬಂದಿರುತ್ತಾರೆ. ಮೊದಲ ವರ್ಷ ಯಾವುದೋ ಒಂದು ಫ್ರೀ ವಿಡಿಯೊ ಕಾಲ್ ಸೇವೆಯಲ್ಲೇ ಕ್ಲಾಸು ನಡೆಯುತ್ತಿತ್ತು. ಸರಳೆ ವರಸೆ ಮುಗಿಸಿ, ಜಂಟಿ ವರಸೆಗೆ ಬಂದು, ಮೂರನೇ ಕಾಲ ಹಿಡಿಯುವ ಹೊತ್ತಿಗೆ ಸರಿಯಾಗಿ ಕಾಲ್ ಕಟ್. ಮತ್ತೆ ಲಿಂಕ್ ಕಳಿಸಬೇಕು, ಆರು ಮಕ್ಕಳೂ ಮತ್ತೆ ಒಳಗೆ ಬರಬೇಕು, ಅಷ್ಟರಲ್ಲಿ ಒಬ್ಬ ಹಾಲು ಕುಡಿಯೋಕೆ ಎದ್ದು ಹೋಗಿರುತ್ತಾನೆ, ಅವನು ಅವತ್ತು ವಾಪಸ್ ಬಂದ ಹಾಗೇ! "ಯಾವುದಾದ್ರೂ ಒಳ್ಳೇದು ನೋಡಿ ಹೇಳೋ, ದುಡ್ಡು ಕೊಡೋಕೂ ರೆಡಿ ಇದೀನಿ" ಅಂತ ಅಕ್ಕ ನನ್ನ ಬೆನ್ನು ಹತ್ತಿದಳು.

ನಾನು ಎರಡು ರಾತ್ರಿ ಕೂತು ದೊಡ್ಡದೊಂದು ಪಟ್ಟಿ ಮಾಡಿದೆ. ಎಂಟು ಸೇವೆಗಳು, ಮೂವತ್ತು ಸಾಲು. ಯಾವುದರಲ್ಲಿ ಹಿಂದಿನ ಗೋಡೆ ಮಸುಕು ಮಾಡಬಹುದು, ಯಾವುದರಲ್ಲಿ ಚಪ್ಪಾಳೆ ಗುರುತು ಇದೆ, ಯಾವುದರಲ್ಲಿ ಬೋರ್ಡಿನ ಮೇಲೆ ಬರೆಯಬಹುದು, ಎಲ್ಲ ಬರೆದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ನಾಲ್ಕೇ ಸಾಲು. ಎದುರಿಗೆ ಕೂರುವವರು ಯಾರು, ಎಷ್ಟು ಜನ, ಎಷ್ಟು ಹೊತ್ತು, ರೆಕಾರ್ಡಿಂಗ್ ಬೇಕಾ ಬೇಡವಾ. ಅದರಲ್ಲೂ ಮೊದಲನೆಯದು ಉಳಿದ ಮೂರಕ್ಕಿಂತ ಜಾಸ್ತಿ ತೂಗುತ್ತದೆ.

ಯಾಕೆ ಅಂದರೆ ಐದು ಜನರ ಕಾಲ್‌ನಲ್ಲಿ ನಾಲ್ವರು ಚುರುಕಾಗಿದ್ದರೆ ಏನು ಬಂತು, ಐದನೆಯವರು ನಮ್ಮ ಅಮ್ಮ ಆಗಿದ್ದರೆ? ಅಮ್ಮನಿಗೆ ಹೊಸ ಆ್ಯಪ್ ಹಾಕಿಕೊಳ್ಳಿ, ಇಮೇಲ್ ಕೊಡಿ, ಆರಂಕಿಯ ಕೋಡ್ ಒತ್ತಿ ಅಂದರೆ ಅವರು ಫೋನನ್ನೇ ಮಗುಚಿ ಇಡುತ್ತಾರೆ. ಅಂಗಡಿ ವ್ಯಾಪಾರಕ್ಕೂ ಇದೇ ಮಾತು. ನೀವು ಇಳಕಲ್ ಸೀರೆ ತೋರಿಸಿ ಮಾರುವವರಾದರೆ, ಕೊಳ್ಳುವವರು ಲಿಂಕ್ ಒತ್ತಿದ ಹತ್ತು ಸೆಕೆಂಡಿಗೆ ಸೀರೆಯ ಸೆರಗು ಕಾಣಬೇಕು. ಆ್ಯಪ್ ಇಳಿಸಿಕೊಳ್ಳುವಷ್ಟರಲ್ಲಿ ಅವರು ಪಕ್ಕದ ಅಂಗಡಿಗೆ ಹೋಗಿರುತ್ತಾರೆ. ಹಾಗಾಗಿ ಸೇವೆ ಆರಿಸುವ ಮುಂಚೆ ನಿಮ್ಮ ಕಾಲ್‌ಗಳಲ್ಲಿ ಅತಿ ಹೆಚ್ಚು ಪರದಾಡುವ ವ್ಯಕ್ತಿ ಯಾರು ಅಂತ ಗುರುತು ಮಾಡಿಕೊಳ್ಳಿ. ಅವರ ಕೈಗೆ ಸಲೀಸಾಗಿ ಬರುವುದೇ ನಿಮಗೂ ಸರಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಆ್ಯಪ್ ಸರಿ ಇಲ್ಲ ಅಂತ ಬೈಯುವ ಅರ್ಧಕ್ಕರ್ಧ ತೊಂದರೆ ಆ್ಯಪಿನದ್ದೇ ಅಲ್ಲ. ಅದು ಗೊತ್ತಾಗದೆ ದುಡ್ಡು ಕಟ್ಟಿದರೆ ಅದೇ ಕಡಿದು ಕಡಿದು ಬರುವ ದನಿಯನ್ನು ದುಡ್ಡು ಕೊಟ್ಟು ಕೇಳಬೇಕಾಗುತ್ತದೆ.

ಕಾಲ್ ಒಳಗೆ ಏನು ನಡೆಯುತ್ತದೆ

ಯೂಟ್ಯೂಬ್ ಚೆನ್ನಾಗೇ ಓಡುತ್ತೆ, ವಿಡಿಯೊ ಕಾಲ್ ಮಾತ್ರ ನಿಂತು ನಿಂತು ಬರುತ್ತೆ, ಯಾಕೆ? ಇದನ್ನು ನನ್ನ ಹತ್ತಿರ ಕೇಳದವರೇ ಇಲ್ಲ. ಯೂಟ್ಯೂಬ್‌ನಲ್ಲಿ ನೀವು ನೋಡುವ ವಿಡಿಯೊ ಮುಂಚೆಯೇ ತಯಾರಾಗಿರುತ್ತದೆ. ಹಾಗಾಗಿ ಮುಂದಿನ ಅರ್ಧ ನಿಮಿಷದ್ದನ್ನು ಫೋನು ಮೊದಲೇ ಎಳೆದು ಇಟ್ಟುಕೊಂಡಿರುತ್ತದೆ, ನಡುವೆ ಎರಡು ಸೆಕೆಂಡ್ ನೆಟ್ ಹೋದರೂ ನಿಮಗೆ ಗೊತ್ತೇ ಆಗಲ್ಲ. ಕಾಲ್‌ನಲ್ಲಿ ಎದುರಿನವರು ಇನ್ನೂ ಆಡದ ಮಾತನ್ನು ಮೊದಲೇ ಎಳೆದು ಇಟ್ಟುಕೊಳ್ಳುವುದು ಹೇಗೆ? ಮಾತು ಬಾಯಿಂದ ಹೊರಟು ಇನ್ನೊಬ್ಬರ ಕಿವಿ ಮುಟ್ಟಲು 150 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಏಳನೇ ಒಂದು ಭಾಗ, ಅದರೊಳಗಿದ್ದರೆ ಮಾತುಕತೆ ಸಹಜವಾಗಿರುತ್ತದೆ. ಜಾಸ್ತಿ ಆದಷ್ಟೂ ಇಬ್ಬರೂ ಒಟ್ಟಿಗೆ ಬಾಯಿ ತೆರೆಯೋದು, ಇಬ್ಬರೂ ಸುಮ್ಮನಾಗೋದು, "ಹಾ, ನೀವು ಹೇಳಿ" "ಇಲ್ಲ ಇಲ್ಲ, ನೀವು ಹೇಳಿ" ಶುರುವಾಗುತ್ತದೆ. ದಾರಿಯಲ್ಲಿ ಕಳೆದುಹೋದ ತುಣುಕನ್ನು ಮತ್ತೆ ತರಿಸಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಹೋಗಿದ್ದು ಹೋಯಿತು ಅಂತ ಆ್ಯಪ್ ಮುಂದಕ್ಕೆ ಹೋಗುತ್ತದೆ. ಅದೇ ನಿಮಗೆ ಮುಖ ಚೌಕ ಚೌಕವಾಗಿ ಒಡೆದಂತೆ ಕಾಣುವುದು.

ಎರಡನೆಯದು ಅಪ್‌ಲೋಡ್. ನೆಟ್ ಹಾಕಿಸುವಾಗ ಎಲ್ಲರೂ ಹೇಳುವ ಸ್ಪೀಡು ನಮ್ಮ ಮನೆಗೆ ಬರುವುದರದ್ದು. ನಮ್ಮ ಮುಖ ಆ ಕಡೆ ಹೋಗಬೇಕಲ್ಲ, ಅದು ಹೊರಗೆ ಹೋಗುವ ದಾರಿ. ಫೋನಿನ ಡೇಟಾದಲ್ಲಿ ಈ ದಾರಿ ಸಾಮಾನ್ಯವಾಗಿ ಬಹಳ ಕಿರಿದು. ನಿಮಗೆ ಎಲ್ಲರೂ ಚೆನ್ನಾಗಿ ಕಾಣುತ್ತಿದ್ದಾರೆ, ಆದರೆ ಅವರೆಲ್ಲ ನಿಮಗೆ "ನಿಮ್ಮ ದನಿ ಕಟ್ ಆಗ್ತಿದೆ" ಅಂತಿದ್ದರೆ ತೊಂದರೆ ಇಲ್ಲೇ ಇದೆ, ಆ್ಯಪ್ ಬದಲಾಯಿಸಿ ಪ್ರಯೋಜನ ಇಲ್ಲ.

ಆರು ಜನ ಇದ್ದಾಗ ನಾವು ಐದು ಕಡೆಗೆ ವಿಡಿಯೊ ಕಳಿಸಬೇಕಾ ಅಂದರೆ, ಬೇಡ. ಮದುವೆ ಕರೆಯೋಲೆಯನ್ನು ಮನೆಮನೆಗೆ ನಾವೇ ಹೋಗಿ ಕೊಡುವುದು ಒಂದು ಬಗೆ, ಊರಿನ ಒಬ್ಬರ ಕೈಗೆ ಒಂದು ಪ್ರತಿ ಕೊಟ್ಟು ಅವರೇ ಎಲ್ಲರಿಗೂ ಮುಟ್ಟಿಸುವುದು ಇನ್ನೊಂದು ಬಗೆ. ದೊಡ್ಡ ಸೇವೆಗಳೆಲ್ಲ ಎರಡನೆಯದನ್ನು ಮಾಡುತ್ತವೆ. ನೀವು ಒಂದೇ ಪ್ರತಿಯನ್ನು ಕಂಪನಿಯ ಸರ್ವರ್‌ಗೆ ಕಳಿಸುತ್ತೀರಿ, ಅದು ಉಳಿದವರಿಗೆ ಹಂಚುತ್ತದೆ. ಇಬ್ಬರೇ ಇದ್ದಾಗ ಹಲವು ಆ್ಯಪ್‌ಗಳು ನೇರವಾಗಿ ಫೋನಿಂದ ಫೋನಿಗೇ ಕಳಿಸುತ್ತವೆ. ಈ ಹಂಚುವವರ ವಿಷಯ ನೆನಪಿಟ್ಟುಕೊಳ್ಳಿ, ಗುಟ್ಟಿನ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಡೇಟಾ ಎಷ್ಟು ತಿನ್ನುತ್ತದೆ ಅಂತ ಒಂದು ಚಿಕ್ಕ ಲೆಕ್ಕ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ಹರಿದರೆ 450 ಎಂಬಿ. ಜೂಮ್‌ನಲ್ಲಿ ಇಬ್ಬರ ಕಾಲ್‌ಗೆ ಹೋಗೋದು 600 ಕಿಲೋಬಿಟ್, ಬರೋದು 600 ಕಿಲೋಬಿಟ್ ಸಾಕು ಅಂತ ಹೇಳುತ್ತಾರೆ. ಒಟ್ಟು 1.2 ಮೆಗಾಬಿಟ್, ಅಂದರೆ ಗಂಟೆಗೆ 540 ಎಂಬಿ. ಚಿತ್ರದ ಗುಣಮಟ್ಟ ಹೆಚ್ಚಿದರೆ, ಜನ ಹೆಚ್ಚಿದರೆ ಇದೂ ಏರುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರು ಎರಡು ಗಂಟೆ ಮೀಟಿಂಗ್ ಮಾಡಿದರೆ ಮುಕ್ಕಾಲು ಪಾಲು ಹೋದ ಹಾಗೆ. ಕ್ಯಾಮೆರಾ ಆಫ್ ಮಾಡಿ ಬರೀ ದನಿ ಇಟ್ಟುಕೊಂಡರೆ ಎರಡೂ ಕಡೆಯದು ಸೇರಿ ಗಂಟೆಗೆ ನೂರು ಎಂಬಿ ಕೂಡ ದಾಟುವುದು ಕಷ್ಟ. ಹಳ್ಳಿಯಿಂದ ಮಾತಾಡುವವರನ್ನು ವಿಡಿಯೊ ಆನ್ ಮಾಡಿ ಅಂತ ಪೀಡಿಸಬೇಡಿ.

ಸಂಗೀತದ ಫಜೀತಿ

ಅಕ್ಕನ ಕ್ಲಾಸಿನಿಂದ ನಾನು ಕಲಿತಿದ್ದು ಯಾವ ಹೋಲಿಕೆ ಪಟ್ಟಿಯಲ್ಲೂ ಇರಲಿಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಶುರುವಿನಲ್ಲಿ ಮಕ್ಕಳ ಅಪ್ಪ ಅಮ್ಮಂದಿರು, "ಮಿಸ್, ನಿಮ್ಮ ತಂಬೂರಿ ಕೇಳಿಸ್ತಾನೇ ಇಲ್ಲ, ಹಾಡುವಾಗಲೂ ದನಿ ಮಧ್ಯೆ ಮಧ್ಯೆ ಮುಳುಗುತ್ತೆ" ಅನ್ನುತ್ತಿದ್ದರು. ನೆಟ್ ಸರಿ ಇತ್ತು, ಮೈಕೂ ಸರಿ ಇತ್ತು. ವಿಷಯ ಏನಪ್ಪಾ ಅಂದರೆ, ಈ ಆ್ಯಪ್‌ಗಳೆಲ್ಲ ಮಾತಿಗೆ ಅಂತ ಮಾಡಿದವು. ಮಾತನ್ನು ಇಟ್ಟುಕೊಂಡು ಉಳಿದ ಸದ್ದನ್ನು ಅಳಿಸುತ್ತವೆ. ಫ್ಯಾನು, ಮಿಕ್ಸಿ, ಎಸಿ, ಅಂದರೆ ಒಂದೇ ಸಮನೆ ಬರುವ ಸದ್ದು ಯಾವುದೇ ಇರಲಿ, ಅದು ಕಸ ಅಂತ ಅವಕ್ಕೆ ಕಲಿಸಲಾಗಿದೆ. ಒಂದೇ ಸಮನೆ ನುಡಿಯುವುದೇ ತಂಬೂರಿಯ ಕೆಲಸ ಅಲ್ವಾ? ಪಾಪ, ಆ್ಯಪ್ ಪಾಲಿಗೆ ಅದೂ ಒಂದು ಫ್ಯಾನು. ಉದ್ದಕ್ಕೆ ಎಳೆದ ಸ್ವರಕ್ಕೂ ಇದೇ ಗತಿ. ಜೂಮ್‌ನಲ್ಲಿ ಇದಕ್ಕೆ ಅಂತಲೇ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್" ಅನ್ನುವ ಗುಂಡಿ ಇದೆ, ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಅಳಿಸುವ ಕೆಲಸ ನಿಲ್ಲುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲೂ ಸಂಗೀತಕ್ಕೆ ಬೇರೆ ಮೋಡ್ ಇದೆ. ಅಕ್ಕನ ಮಟ್ಟಿಗೆ ಆಯ್ಕೆ ಆಗಿಹೋಗಿದ್ದು ಆ ಒಂದು ಗುಂಡಿಯ ಮೇಲೆ, ಮೂವತ್ತು ಸಾಲಿನ ನನ್ನ ಪಟ್ಟಿ ಮೂಲೆಗೆ ಬಿತ್ತು. ಒಂದು ಎಚ್ಚರಿಕೆ ಇದೆ. ಅಳಿಸುವುದು ನಿಂತ ಮೇಲೆ ಅಡುಗೆಮನೆಯ ಕುಕ್ಕರ್ ಸೀಟಿಯೂ ನ್ಯೂಜೆರ್ಸಿ ತಲುಪುತ್ತದೆ. ಇಯರ್‌ಫೋನ್ ಹಾಕದಿದ್ದರೆ ಮಾರ್ದನಿಯೂ ಬರಬಹುದು.

ಇನ್ನೊಂದು ಆಸೆ ಇತ್ತು ಅವಳಿಗೆ, ಮಕ್ಕಳ ಜೊತೆ ಒಟ್ಟಿಗೆ ಹಾಡಬೇಕು ಅಂತ. ಅದು ಆಗುವ ಮಾತಲ್ಲ. ಮೈಸೂರಿಂದ ನ್ಯೂಜೆರ್ಸಿಗೆ ನೇರ ಗೆರೆ ಎಳೆದರೂ ಸುಮಾರು 13 ಸಾವಿರ ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಭಾಗಿಸಿ ನೋಡಿ, ಬರೀ ಒಂದು ಕಡೆಯ ಪ್ರಯಾಣಕ್ಕೇ 65 ಮಿಲಿಸೆಕೆಂಡ್. ಕೇಬಲ್ಲು ನೇರವಾಗಿ ಹೋಗಲ್ಲ, ಸಮುದ್ರದಡಿ ಸುತ್ತಿ ಬಳಸಿ ಹೋಗುತ್ತೆ, ಮೇಲೆ ಆ್ಯಪ್ ದನಿಯನ್ನು ಕುಗ್ಗಿಸಿ ಬಿಡಿಸುವ ಸಮಯ ಬೇರೆ. ಅವಳು ತಾಳ ಹಾಕಿದ್ದು ಮಗುವಿಗೆ ತಡವಾಗಿ ಕೇಳಿ, ಮಗು ಹಾಡಿದ್ದು ಇವಳಿಗೆ ಇನ್ನಷ್ಟು ತಡವಾಗಿ ವಾಪಸ್ ಬರುತ್ತದೆ. ಯಾವ ಕಂಪನಿಗೆ ಎಷ್ಟು ಸುರಿದರೂ ಬೆಳಕಿನ ವೇಗ ಏರಲ್ಲ. ಅದಕ್ಕೆ ಈಗ ಅವಳ ಪದ್ಧತಿ ಹೀಗಿದೆ. ಶ್ರುತಿಯನ್ನು ಮಗುವೇ ತನ್ನ ಮನೆಯಲ್ಲಿ ಹಾಕಿಕೊಳ್ಳಬೇಕು, ತಾಳವೂ ಮಗುವಿನ ಕೈಯಲ್ಲೇ. ಅಕ್ಕ ಒಂದು ಸಾಲು ಹಾಡುತ್ತಾಳೆ, ಮಗು ಒಪ್ಪಿಸುತ್ತದೆ. ಹಳೇ ಗುರುಗಳು ಎದುರು ಕೂರಿಸಿಕೊಂಡು ಹೇಳಿಕೊಡುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೇ.

ಈಗ ಒಂದೊಂದಾಗಿ

ವಾಟ್ಸಾಪ್ ಎಲ್ಲರ ಫೋನಿನಲ್ಲೂ ಇದೆ, ಅದಕ್ಕಿಂತ ದೊಡ್ಡ ಗುಣ ಬೇಕಾಗಿಲ್ಲ. ಒಂದು ಕಾಲ್‌ಗೆ 32 ಜನ ಸೇರಬಹುದು, ಗಡಿಯಾರದ ಕಾಟ ಇಲ್ಲ, ಲಿಂಕ್ ಮಾಡಿ ಕಳಿಸಬಹುದು, 2023ರಿಂದ ಪರದೆ ತೋರಿಸುವುದಕ್ಕೂ ಆಗುತ್ತದೆ. ಮನೆಯವರ ಜೊತೆ ಮಾತಿಗೆ, ಒಬ್ಬಿಬ್ಬರು ಗಿರಾಕಿಗಳಿಗೆ ಇಷ್ಟು ಸಾಕು, ಇದಕ್ಕಿಂತ ಮುಂದೆ ಹುಡುಕಲೇಬೇಡಿ. ಕೊರತೆ ಎರಡು. ರೆಕಾರ್ಡಿಂಗ್ ಇಲ್ಲ. ಮತ್ತೆ ಎಲ್ಲ ನಡೆಯುವುದು ನಿಮ್ಮ ಫೋನ್ ನಂಬರಿನ ಮೇಲೆ. ಕ್ಲಾಸಿಗೆ ಬರುವ ಹತ್ತು ಮನೆಯವರ ನಂಬರ್ ಹತ್ತು ಮನೆಗೂ ಗೊತ್ತಾಗುತ್ತದೆ, ಗಿರಾಕಿ ರಾತ್ರಿ ಹನ್ನೊಂದಕ್ಕೂ ಅದೇ ನಂಬರಿಗೆ ಕಾಲ್ ಮಾಡುತ್ತಾನೆ. ಮನಶ್ಶಾಸ್ತ್ರದ ಸಲಹೆ ಕೊಡುವವರು, ವಕೀಲರು, ಟ್ಯೂಷನ್ ಮೇಡಂಗಳು ಇದನ್ನು ಯೋಚಿಸಬೇಕು.

ಗೂಗಲ್ ಮೀಟ್ ನನ್ನ ಪ್ರಕಾರ ಸಣ್ಣ ಕೆಲಸಕ್ಕೆ ಅತಿ ಕಡಿಮೆ ತಲೆನೋವಿನದ್ದು. ಕಂಪ್ಯೂಟರಿನಲ್ಲಿ ಏನೂ ಹಾಕಿಕೊಳ್ಳಬೇಕಿಲ್ಲ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಫ್ರೀಯಲ್ಲಿ ನೂರು ಜನ. ಇಬ್ಬರೇ ಇದ್ದರೆ 24 ಗಂಟೆ ಮಾತಾಡಬಹುದು, ಯಾರಿಗೆ ಬೇಕೋ ಗೊತ್ತಿಲ್ಲ, ಮೂವರು ಅಥವಾ ಜಾಸ್ತಿ ಇದ್ದರೆ 60 ನಿಮಿಷ. ಫ್ರೀ ಮೀಟ್‌ನಲ್ಲಿ ರೆಕಾರ್ಡಿಂಗ್ ಸಿಗಲ್ಲ.

ಜೂಮ್ ಫ್ರೀಯಲ್ಲೂ ನೂರು ಜನ, ಸಮಯ 40 ನಿಮಿಷ. ಇಬ್ಬರೇ ಇದ್ದರೆ ಮಿತಿ ಇಲ್ಲ ಅಂತ ಎಷ್ಟೋ ಜನ ಇನ್ನೂ ನಂಬಿದ್ದಾರೆ. ಹಿಂದೆ ಹಾಗಿತ್ತು, 2022ರಲ್ಲಿ ಅದಕ್ಕೂ 40 ನಿಮಿಷದ ಕತ್ತರಿ ಬಿತ್ತು. ಆದರೆ ಮೀಟ್‌ನಲ್ಲಿ ಇಲ್ಲದ ಒಂದು ಲಾಭ ಇಲ್ಲಿದೆ. ಫ್ರೀಯಲ್ಲೂ ನಿಮ್ಮ ಕಂಪ್ಯೂಟರಿಗೇ ರೆಕಾರ್ಡ್ ಮಾಡಿಕೊಳ್ಳಬಹುದು, ಫೋನಿನಲ್ಲಿ ಮಾತ್ರ ಆಗಲ್ಲ. ಪಾಠ ಹೇಳುವವರಿಗೆ ಇದು ಸಣ್ಣ ವಿಷಯವಲ್ಲ.

ಟೀಮ್ಸ್ ಫ್ರೀಯಲ್ಲಿ ನೂರು ಜನ, 60 ನಿಮಿಷ. ನಿಮ್ಮ ಗಿರಾಕಿಗಳು ದೊಡ್ಡ ಕಂಪನಿಗಳಾದರೆ ಅವರೇ ಟೀಮ್ಸ್ ಲಿಂಕ್ ಕಳಿಸುತ್ತಾರೆ, ನೀವು ಹೋಗಿ ಕೂತರೆ ಆಯಿತು. ಸುಮ್ನೆ ನೀವಾಗಿ ಅದನ್ನು ಆರಿಸುವ ಕಾರಣ ನನಗೆ ಕಾಣುವುದಿಲ್ಲ. ಸ್ಕೈಪ್ ಹುಡುಕುತ್ತಿದ್ದೀರಾ? ಅದು ಇಲ್ಲ. 2003ರಲ್ಲಿ ಹುಟ್ಟಿ, 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಕೊಂಡು, 2025ರ ಮೇ 5ಕ್ಕೆ ಅದೇ ಕಂಪನಿ ಬಾಗಿಲು ಹಾಕಿತು. ಒಂದು ಕಾಲದಲ್ಲಿ ವಿದೇಶದಲ್ಲಿರುವ ಮಗನ ಮುಖ ನೋಡೋದು ಅಂದರೆ ಸ್ಕೈಪೇ. ನಿಮ್ಮ ಗಿರಾಕಿಗಳ ಹೆಸರು, ನಂಬರು ಯಾವುದೋ ಒಂದು ಆ್ಯಪ್ ಒಳಗೆ ಮಾತ್ರ ಇದ್ದರೆ ಇವತ್ತೇ ಒಂದು ಪುಸ್ತಕಕ್ಕೆ ಬರೆದುಕೊಳ್ಳಿ.

ಫೇಸ್‌ಟೈಮ್ ಆಪಲ್ ಮನೆಗಳಿಗೆ. 2021ರಿಂದ ಆಂಡ್ರಾಯ್ಡ್ ಇದ್ದವರೂ ಲಿಂಕ್ ಒತ್ತಿ ಬ್ರೌಸರ್‌ನಲ್ಲಿ ಸೇರಬಹುದು, ಆದರೆ ಕಾಲ್ ಶುರು ಮಾಡುವವರ ಹತ್ತಿರ ಆಪಲ್ ಫೋನೋ ಐಪ್ಯಾಡೋ ಮ್ಯಾಕ್ ಕಂಪ್ಯೂಟರೋ ಇರಬೇಕು. ಜಿಟ್ಸಿ ಮೀಟ್ ಮುಕ್ತ ತಂತ್ರಾಂಶ, ಬೇಕಾದರೆ ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಕಂಪ್ಯೂಟರ್ ಬಲ್ಲ ಗೆಳೆಯರಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದರ ಸಾರ್ವಜನಿಕ ಪುಟವನ್ನೇ ಬಳಸಿ. 2023ರ ಆಗಸ್ಟ್‌ನಿಂದ ಅಲ್ಲಿ ಮೀಟಿಂಗ್ ಶುರು ಮಾಡುವವರು ಗೂಗಲ್ ಅಥವಾ ಫೇಸ್‌ಬುಕ್ ತರಹದ ಖಾತೆಯಿಂದ ಒಳಗೆ ಹೋಗಬೇಕು, ಸೇರುವವರಿಗೆ ಏನೂ ಬೇಡ. ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಚೆನ್ನೈನ ಜೋಹೊ ಕಂಪನಿಯ ಜೋಹೊ ಮೀಟಿಂಗ್ ಇದೆ. 2020ರಲ್ಲಿ ಕೇಂದ್ರ ಸರ್ಕಾರ ದೇಶೀ ವಿಡಿಯೊ ಕಾನ್ಫರೆನ್ಸ್ ಸ್ಪರ್ಧೆಯನ್ನೇ ಇಟ್ಟಿತ್ತು, ಕೇರಳದ ಆಲಪ್ಪುಳದ ಟೆಕ್‌ಜೆನ್ಷಿಯಾ ಅನ್ನುವ ಕಂಪನಿ ಗೆದ್ದು 1 ಕೋಟಿ ರೂಪಾಯಿ ಬಹುಮಾನ ಪಡೆಯಿತು. ಆದರೆ ಮತ್ತೆ ಅದೇ ಪ್ರಶ್ನೆ, ನಿಮ್ಮ ಎದುರಿಗಿನವರ ಫೋನಿನಲ್ಲಿ ಅದು ಇದೆಯಾ?

ದುಡ್ಡು ಯಾವಾಗ ಕಟ್ಟಬೇಕು

ಒಂದು ಮಿತಿ ನಿಮ್ಮನ್ನು ಪದೇ ಪದೇ ಕಚ್ಚಿದಾಗ ಮಾತ್ರ. ತಿಂಗಳಿಗೆ ಒಂದು ಸಲ ಅರವತ್ತು ನಿಮಿಷ ದಾಟುತ್ತದೆ ಅಂತ ವರ್ಷದ ಚಂದಾ ಕಟ್ಟುವುದು ದಂಡ, ಎರಡನೇ ಲಿಂಕ್ ಮೊದಲೇ ಮಾಡಿ ಇಟ್ಟುಕೊಂಡರೆ ಮುಗಿಯಿತು. ಅಕ್ಕನಿಗೆ ವಾರಕ್ಕೆ ಐದು ದಿನ ಕಚ್ಚುತ್ತಿತ್ತು, ಅವಳ ಲೆಕ್ಕ ಬೇರೆ.

ಬಹಳ ಜನ ತಪ್ಪು ತಿಳಿಯುವ ವಿಷಯ ಅಂದರೆ, ಚಂದಾ ಕಟ್ಟಬೇಕಾದ್ದು ಮೀಟಿಂಗ್ ಕರೆಯುವವರು ಮಾತ್ರ. ಸೇರುವ ಮೂವತ್ತು ಜನ ಒಂದು ಪೈಸೆ ಕೊಡಬೇಕಿಲ್ಲ. ನಾಲ್ಕು ಜನರ ಆಫೀಸಿನಲ್ಲಿ ಮೀಟಿಂಗ್ ಕರೆಯುವುದು ಒಬ್ಬರೇ ಆಗಿದ್ದರೆ ಒಂದೇ ಲೈಸೆನ್ಸ್ ಸಾಕು. ಅದೇ ಒಂದು ಖಾತೆಯಿಂದ ಇಬ್ಬರು ಒಂದೇ ಹೊತ್ತಿಗೆ ಎರಡು ಮೀಟಿಂಗ್ ನಡೆಸಲು ಹೋದರೆ ಜೂಮ್ ಬಿಡುವುದಿಲ್ಲ, ಇಷ್ಟು ನೆನಪಿರಲಿ. ಜೂಮ್‌ನ ಪ್ರೊ ಚಂದಾದಲ್ಲಿ 40 ನಿಮಿಷದ ಮಿತಿ ಹೋಗಿ 30 ಗಂಟೆ ಆಗುತ್ತದೆ, ಜನರ ಮಿತಿ ಅದೇ ನೂರು.

ಕಟ್ಟುವ ಮುಂಚೆ ಇನ್ನೊಂದು ನೋಡಿಕೊಳ್ಳಿ, ಈಗಾಗಲೇ ಕಟ್ಟುತ್ತಿದ್ದೀರಾ ಅಂತ. ಅಂಗಡಿ ಹೆಸರಿನ ಇಮೇಲ್‌ಗೆ ಗೂಗಲ್ ವರ್ಕ್‌ಸ್ಪೇಸ್ ತಗೊಂಡಿದ್ದರೆ ಅದರ ಜೊತೆಗೇ ದೊಡ್ಡ ಮೀಟ್ ಬಂದಿರುತ್ತದೆ, ಒಂದು ಗಂಟೆಯ ಮಿತಿ ಅಲ್ಲಿಲ್ಲ. ನನ್ನ ಪರಿಚಯದ ಲೆಕ್ಕಪತ್ರದವರೊಬ್ಬರು ಎರಡು ವರ್ಷ ಹೀಗೆ ಎರಡೂ ಕಡೆ ಕಟ್ಟುತ್ತಿದ್ದರು, ಊರಿಗೆಲ್ಲ ಖರ್ಚು ಉಳಿಸುವ ಬುದ್ಧಿ ಹೇಳುವವರು! ಆದರೆ ವರ್ಕ್‌ಸ್ಪೇಸ್‌ನ ಅತಿ ಕಡಿಮೆ ಬೆಲೆಯ ಸ್ಟಾರ್ಟರ್‌ನಲ್ಲಿ ರೆಕಾರ್ಡಿಂಗ್ ಇಲ್ಲ, ಅದಕ್ಕೆ ಮೇಲಿನ ಸ್ಟ್ಯಾಂಡರ್ಡ್ ಬೇಕು.

ಬೆಲೆ ನೋಡುವಾಗ 18% ಜಿಎಸ್‌ಟಿ ಸೇರಿದೆಯಾ, ತಿಂಗಳ ಬೆಲೆ ಅಂತ ತೋರಿಸಿದ್ದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಮಾತ್ರವಾ ಅಂತ ಓದಿ. ಮೊದಲ ಎರಡು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಕಾರ್ಡಿನಿಂದ ತಾನಾಗಿ ದುಡ್ಡು ಹೋಗುವ ಮುಂಚೆ, ಕಡೇಪಕ್ಷ 24 ಗಂಟೆ ಮೊದಲು, ಬ್ಯಾಂಕು ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜನ್ನು ಜಾಹೀರಾತು ಅಂತ ಅಳಿಸಬೇಡಿ.

ಕದ ಹಾಕಿಕೊಂಡು ಮಾತಾಡಿ

2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಜೂಮ್ ಕಲಾಪದೊಳಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ವಿಡಿಯೊ ಹಾಕಿದರು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ವಿಡಿಯೊ ವಿಚಾರಣೆಯನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಹೈಕೋರ್ಟಿಗೇ ಹೀಗಾದರೆ ನಮ್ಮ ಯೋಗ ಕ್ಲಾಸು ಯಾವ ಲೆಕ್ಕ? ಇಂಥದ್ದರಲ್ಲಿ ಬೀಗ ಒಡೆಯುವ ಜಾಣತನ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ, ಲಿಂಕ್ ಎಲ್ಲರಿಗೂ ಸಿಗುವ ಹಾಗೆ ಇದ್ದರೆ ಸಾಕು. ಲಿಂಕನ್ನು ಪೋಸ್ಟರಿಗೆ, ಸ್ಟೇಟಸ್‌ಗೆ ಹಾಕಬೇಡಿ. ಬಂದವರನ್ನು ಹೊರಗೆ ಕಾಯಿಸಿ ನೀವು ಒಪ್ಪಿದ ಮೇಲೆ ಒಳಗೆ ಬಿಡುವ ವೇಟಿಂಗ್ ರೂಮ್ ಆನ್ ಇರಲಿ. ಪರದೆ ತೋರಿಸುವ ಅಧಿಕಾರ ನಿಮ್ಮೊಬ್ಬರಿಗೇ ಇರಲಿ. ಈ ಮೂರು ಮಾಡಿದರೆ ಹೆಚ್ಚಿನ ಪುಂಡರು ಹೊರಗೇ ಉಳಿಯುತ್ತಾರೆ.

ಗುಟ್ಟಿನ ಮಾತು ಅಂದೆನಲ್ಲ. ನಿಮ್ಮ ಮಾತು ಹಂಚುವವರ ಕೈ ಸೇರಿ ಆಮೇಲೆ ಉಳಿದವರಿಗೆ ಹೋಗುತ್ತದೆ. ವಾಟ್ಸಾಪ್, ಸಿಗ್ನಲ್, ಫೇಸ್‌ಟೈಮ್‌ಗಳಲ್ಲಿ ಲಕೋಟೆಗೆ ಹಾಕಿದ ಬೀಗದ ಕೀ ಮಾತಾಡುವವರ ಫೋನಿನಲ್ಲಿ ಮಾತ್ರ ಇರುತ್ತದೆ, ಹಂಚುವವರಿಗೆ ಒಳಗೇನಿದೆ ಕಾಣುವುದಿಲ್ಲ. ಮೀಟ್, ಟೀಮ್ಸ್, ಜೂಮ್‌ಗಳ ಸಾಮಾನ್ಯ ಮೀಟಿಂಗ್‌ನಲ್ಲಿ ದಾರಿಯಲ್ಲಿ ಯಾರೂ ಕದಿಯದಂತೆ ಬೀಗ ಇರುತ್ತದೆ, ಆದರೆ ಕಂಪನಿಯ ಸರ್ವರ್ ಮನಸ್ಸು ಮಾಡಿದರೆ ಅದನ್ನು ತೆರೆಯಬಲ್ಲದು. 2020ರ ಏಪ್ರಿಲ್‌ನಲ್ಲಿ ನಮ್ಮ ಗೃಹ ಸಚಿವಾಲಯ ಜೂಮ್ ಸುರಕ್ಷಿತವಲ್ಲ ಅಂತ ಸೂಚನೆ ಹೊರಡಿಸಿತ್ತು. ಅದೇ ವರ್ಷ ಅಕ್ಟೋಬರ್‌ನಿಂದ ಜೂಮ್‌ನಲ್ಲೂ ಪೂರ್ತಿ ಬೀಗ ಬಂತು, ಫ್ರೀ ಬಳಸುವವರಿಗೂ ಸೇರಿ. ತಾನಾಗಿ ಆನ್ ಇರಲ್ಲ, ನೀವೇ ಆನ್ ಮಾಡಬೇಕು. ಆನ್ ಮಾಡಿದರೆ ಅವರ ಸರ್ವರ್‌ನಲ್ಲಿ ಮಾಡುವ ರೆಕಾರ್ಡಿಂಗ್ ಸಿಗುವುದಿಲ್ಲ. ಯಾಕೆ ಅಂತ ಈಗ ನಿಮಗೇ ಹೊಳೆದಿರಬೇಕು, ಲಕೋಟೆ ತೆರೆಯಲಾಗದವರು ಒಳಗಿನದನ್ನು ನಕಲು ಮಾಡುವುದು ಹೇಗೆ? ಜಂಟಿ ವರಸೆಗೆ ಇಷ್ಟೆಲ್ಲ ಗುಟ್ಟು ಬೇಡ. ಕಾಯಿಲೆ, ಕೋರ್ಟು, ಆಸ್ತಿಯ ಮಾತಾದರೆ ಬೇಕು.

ಇದೇ ಹೊತ್ತಿನಲ್ಲಿ ಮನೆಯ ಹಿರಿಯರಿಗೂ ಒಂದು ಮಾತು ಹೇಳಿ. ಖಾಕಿ ಹಾಕಿಕೊಂಡು ವಿಡಿಯೊ ಕಾಲ್‌ನಲ್ಲಿ ಬಂದು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅನ್ನುವವರು ಕಳ್ಳರು, ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲ. ಗೊತ್ತಿಲ್ಲದವರು ಪರದೆ ಹಂಚಿಕೊಳ್ಳಿ ಅಂದರೆ ಕಾಲ್ ಕಟ್ ಮಾಡಿ, ಬರುವ ಒಟಿಪಿಯೂ ಅವರಿಗೆ ಕಾಣುತ್ತದೆ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆ್ಯಪ್ ಆಚೆಗಿನದ್ದು

ಚಂದಾ ಕಟ್ಟುವ ದುಡ್ಡಿನಲ್ಲಿ ಮೊದಲು ವೈರ್ ಇರುವ ಒಂದು ಇಯರ್‌ಫೋನ್ ತಗೊಳ್ಳಿ. ದುಬಾರಿ ಬ್ಲೂಟೂತ್‌ಗಿಂತ ಅದು ಎಷ್ಟೋ ಸಲ ಮೇಲು. ಸಾಮಾನ್ಯ ಬ್ಲೂಟೂತ್‌ನಲ್ಲಿ ಹಾಡು ಕೇಳುವಾಗ ಚೆನ್ನಾಗಿದ್ದ ದನಿ, ಮೈಕ್ ಆನ್ ಆದ ತಕ್ಷಣ ಹಳೇ ಟೆಲಿಫೋನಿನ ಹಾಗೆ ಸಪ್ಪೆ ಆಗಿಬಿಡುತ್ತದೆ, ಎರಡೂ ಕಡೆ ಒಟ್ಟಿಗೆ ದನಿ ಸಾಗಿಸುವಷ್ಟು ಜಾಗ ಅದರಲ್ಲಿ ಸಾಲುವುದಿಲ್ಲ. ವೈಫೈ ಎರಡು ಹೆಸರಲ್ಲಿ ಕಾಣುತ್ತಿದ್ದರೆ, ರೂಟರ್ ಇರುವ ಕೋಣೆಯಲ್ಲೇ ಕೂರುವವರು 5 ಗಿಗಾಹರ್ಟ್ಸ್‌ನದ್ದು ಆರಿಸಿ, ಎರಡು ಗೋಡೆ ಆಚೆ ಇದ್ದರೆ 2.4ರದ್ದು. ಎಲ್ಲಕ್ಕಿಂತ ಒಳ್ಳೆಯದು ರೂಟರಿನಿಂದ ನೇರ ಒಂದು ಕೇಬಲ್ ಎಳೆಯುವುದು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಓಡುತ್ತೆ, ರೂಟರ್ ಸಾಯುತ್ತೆ. ಅದಕ್ಕೆಂದೇ ಅಂಗೈಯಗಲದ ಯುಪಿಎಸ್ ಸಿಗುತ್ತದೆ. ನಮ್ಮೂರುಗಳಲ್ಲಿ ಮೀಟಿಂಗ್ ಉಳಿಸಿದ ಕೀರ್ತಿಯಲ್ಲಿ ಅರ್ಧ ಆ ಡಬ್ಬಿಗೆ ಸೇರಬೇಕು.

ಕೊನೆಗೆ ಅಕ್ಕ ಏನು ಮಾಡಿದಳು? ಗುಂಪಿನ ಕ್ಲಾಸಿಗೆ ಜೂಮ್, ಒಂದೇ ಲೈಸೆನ್ಸ್, ರೆಕಾರ್ಡಿಂಗ್ ಅವಳ ಲ್ಯಾಪ್‌ಟಾಪಿಗೆ. ಅಪ್ಪ ಅಮ್ಮಂದಿರ ಜೊತೆ ಫೀಸಿನ ಮಾತಿಗೆ, ನಮ್ಮ ಅಮ್ಮನಿಗೆ, ವಾಟ್ಸಾಪ್. ಕಟ್ಟುವ ಮುಂಚೆ ನಾವು ಒಂದು ಪರೀಕ್ಷೆ ಮಾಡಿದೆವು. ಮಕ್ಕಳಲ್ಲಿ ಅತಿ ಹಳೇ ಟ್ಯಾಬ್ ಇಟ್ಟುಕೊಂಡ ಹುಡುಗನ ಮನೆಗೆ, ಕ್ಲಾಸು ನಡೆಯುವ ಅದೇ ಹೊತ್ತಿಗೆ, ಫ್ರೀಯಲ್ಲಿ ಸಿಗುವ ಪೂರ್ತಿ ನಲವತ್ತು ನಿಮಿಷ ಕಾಲ್ ಮಾಡಿದೆವು. ಮಧ್ಯಾಹ್ನ ಪಕ್ಕದ ಕೋಣೆಯಿಂದ ಮಾಡಿದ ಪರೀಕ್ಷೆಗೆ ಅರ್ಥ ಇಲ್ಲ.

ಒಂದು ತಲೆನೋವು ಮಾತ್ರ ಯಾವ ಆ್ಯಪಿನಿಂದಲೂ ಹೋಗಲಿಲ್ಲ. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಾವು ತಿರುಗಿಸುವುದಿಲ್ಲ. ಹಾಗಾಗಿ ಕ್ಯಾಲೆಂಡರಿನಲ್ಲಿ ಕ್ಲಾಸನ್ನು ನ್ಯೂಜೆರ್ಸಿ ಸಮಯಕ್ಕೆ ಕಟ್ಟಿ ಹಾಕಿದ್ದೇವೆ, ಚಳಿಗಾಲ ಬಂದರೆ ಅಕ್ಕನಿಗೆ ಪಾಠ ಆರೂವರೆಗೆ, ಒಂದು ಗಂಟೆ ಜಾಸ್ತಿ ನಿದ್ದೆ. ಎಲ್ಲ ಸರಿಹೋಯಿತು ಅಂದುಕೊಂಡಿದ್ದೆವು. ಹೋದ ತಿಂಗಳು ಅರಿಜೋನಾದ ಫೀನಿಕ್ಸ್‌ನಿಂದ ಒಬ್ಬಳು ಹುಡುಗಿ ಸೇರಿದ್ದಾಳೆ, ಅಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲವಂತೆ. ಅಕ್ಕ ಗೋಡೆಯ ಪಂಚಾಂಗದಲ್ಲಿ ನವೆಂಬರ್ ಹಾಳೆ ತೆಗೆದು ಅವಳ ಹೆಸರಿನ ಮುಂದೆ ಹಸಿರು ಪೆನ್ನಿನಲ್ಲಿ ಬೇರೆ ಗುರುತು ಹಾಕಿಟ್ಟಿದ್ದಾಳೆ.